ಉಪ್ಪಿನ ಗೆರೆ

ಬೋಟುಗಳೆಲ್ಲ ದಡ ಹತ್ತಿದ ಮೇಲೆ ನನಗೆ ರಜೆ.
ಬೈತಖೋಲದಿಂದ ಬಸ್ಸು ಹಿಡಿದು, ಕಾಳಿ ದಾಟಿ, ಮಾಜಾಳಿಗೆ ಬರುತ್ತೇನೆ.
ಚೀಲದಲ್ಲಿ ಎರಡು ಪಾನಾ, ಒಂದು ಡಬ್ಬಿ ಗ್ರೀಸು,
ಲಾರಿ ಟ್ಯೂಬು ಕತ್ತರಿಸಿ ಮಾಡಿದ ನಲವತ್ತು ವಾಶರು,
ಬಾಳೆಲೆಯಲ್ಲಿ ಸುತ್ತಿದ ಪೋಳೆ.

ಶಾಲೆಯ ಹಿಂದೆ ಗಾಳಿಮರಗಳ ಕೆಳಗೆ
‘ನಾದದ ತೋಟ’ ಎಂದು ಬರೆಸಿದ್ದರು.
ಒಂದು ದ ಉದುರಿ ‘ನಾದ ತೋಟ’ ಆಗಿದೆ,
ಅರ್ಥವೇನೂ ಕೆಟ್ಟಿಲ್ಲ.

ಎಂಟು ಅಲ್ಯುಮಿನಿಯಂ ಪಟ್ಟಿ, ಐದು ನಿಲುವು ಕೊಳವೆ,
ಬುಡ ಮೇಲಾದ ನೀಲಿ ಪೀಪಾಯಿ ಮೂರು.
ಮೊದಲು ಎಲ್ಲವನ್ನೂ ಬಾವಿಯ ನೀರಲ್ಲಿ ತೊಳೆಯಬೇಕು,
ಮಗುವಿನ ಕಿವಿ ಹಿಂದೆ ತೊಳೆದ ಹಾಗೆ, ಸಂದು ಬಿಡದೆ.
ಗುತ್ತಿಗೆಯವ ಬಡಿದು ಹೋದದ್ದು ಕಬ್ಬಿಣದ ಬೋಲ್ಟು.
ಎರಡು ಲೋಹ ಮೈಗೆ ಮೈ ತಾಗಿ ಕೂತರೆ
ನಡುವೆ ಸಮುದ್ರ ಜಗಳ ಹಚ್ಚುತ್ತದೆ.
ಅದಕ್ಕೇ ವಾಶರು.

ಮೂವತ್ತೊಂದು ವರ್ಷ ಡೀಸೆಲ್ ಇಂಜಿನ್ನಿನ ಬಗಲಲ್ಲಿ ಕೂತು
ಬಲಗಿವಿ ಹೋಗಿದೆ,
ಎಡಗಿವಿ ಅರ್ಧ ಸಂಬಳಕ್ಕೆ ದುಡಿಯುತ್ತದೆ.
ನಾನು ಪಟ್ಟಿಗೆ ದವಡೆ ಹಚ್ಚಿ ಕೇಳುವವ.
ಮಕ್ಕಳು ಮೊದಲ ವರ್ಷ ನಕ್ಕರು,
ಈಗ ತಾವೂ ಹಚ್ಚುತ್ತಾರೆ,
ಸಾಲಾಗಿ, ತಣ್ಣಗಿನ ಲೋಹಕ್ಕೆ ಗಲ್ಲ ಕೊಟ್ಟು.

‘ಅಜ್ಜಾ, ನಾಲ್ಕನೇದು ಉಸಿರು ಕಟ್ಟಿದ ಹಾಗೆ’
ಅಂದವಳು ಪ್ರಣಾಲಿ ದುರ್ಗೇಕರ, ಐದನೇ ಇಯತ್ತೆ.
ಬಡಿದು ತೋರಿಸಿದಳು. ದವಡೆಗೆ ಬಂದದ್ದು ಬರೀ ಠಕ್,
ಮುಚ್ಚಿದ ಬಾಗಿಲ ಶಬ್ದ.

ಹೋದ ವರ್ಷ ಅದನ್ನು ಕೊಯ್ದು ಕೂರಿಸಿದ್ದು ನಾನೇ.
ಬೋಟಿನಲ್ಲಿ ಸಡಿಲ ಅಂದರೆ ಸಾವು;
ಅದೇ ಕೈ ಇಲ್ಲಿಯೂ ಹಲ್ಲು ಕಚ್ಚಿ ಬಿಗಿದಿತ್ತು.
ಯಾರಿಗೂ ಹೇಳಲಿಲ್ಲ. ಬಿಚ್ಚಿದೆ.

ಅಡುಗೆಯ ಶೆವಂತಿಬಾಯಿಯ ಹತ್ತಿರ ಒಂದು ಮುಷ್ಟಿ ಉಪ್ಪು ಕೇಳಿದೆ.
ಸಾಣಿಕಟ್ಟೆಯ ಹರಳು ಬೇಡ, ಪುಡಿ ಬೇಕು.
ಮಳೆಗಾಲದ ಉಪ್ಪು, ಗಡ್ಡೆ ಕಟ್ಟಿತ್ತು.
ಒಲೆಯ ಬದಿಗೆ ಒಣಗಿಸಿ, ಬೈದುಕೊಂಡೇ ಕೊಟ್ಟಳು:
‘ವರ್ಷವಿಡೀ ಉಪ್ಪು ಉಜ್ಜಿ ತೆಗೆಯುವವ
ಇವತ್ತು ಕೈಯಾರೆ ಸುರಿಯುತ್ತಾನೆ.’

ಜಗಲಿಯಲ್ಲಿ, ಹರಿದ ಹವಾಯಿ ಚಪ್ಪಲಿಯ ಎರಡು ತುಂಡಿನ ಮೇಲೆ
ಪಟ್ಟಿ ಮಲಗಿಸಿ, ಉಪ್ಪು ಉದುರಿಸಿ,
‘ನಡುವೆ ಬಡಿ, ಮೆಲ್ಲಗೆ’ ಅಂದೆ.
ಬಡಿದಳು. ಉಪ್ಪು ಹಾರಿತು, ಬಿಸಿ ಹೊಯಿಗೆಯಲ್ಲಿ
ಬರಿಗಾಲಿಟ್ಟವರ ಹಾಗೆ ಕುಣಿಯಿತು,
ಇನ್ನೂ ಬಡಿದಳು,
ಕಾಳುಗಳು ಸರಿದು ಸರಿದು
ಎರಡು ಗೆರೆಯಾಗಿ ಕೂತವು, ಆ ಕಡೆ ಒಂದು, ಈ ಕಡೆ ಒಂದು.

ಆಮೇಲೆ ಎಷ್ಟು ಬಡಿದರೂ ಏಳಲಿಲ್ಲ.

ಅಷ್ಟು ದನಿಯ ನಡುವೆ ಅಲುಗದ ಜಾಗ ಅವೆರಡೇ.
ಅಲ್ಲಿ ಹಿಡಿದರೆ ಮಾತ್ರ ಪಟ್ಟಿಗೆ
ಯಾರೋ ಹಿಡಿದದ್ದು ಗೊತ್ತಾಗುವುದಿಲ್ಲ.
ನನ್ನ ತೂತು ಗೆರೆಯಿಂದ ಎರಡು ಬೆರಳು ಆಚೆ ಇತ್ತು.

ಪ್ರಣಾಲಿ ನನ್ನ ತೂತು ನೋಡಿದಳು, ಗೆರೆ ನೋಡಿದಳು,
ನನ್ನ ಮುಖ ನೋಡಲಿಲ್ಲ.
ದೊಡ್ಡ ಮನಸ್ಸು.

ಹೊಸದಾಗಿ ಕೊರೆದೆ. ಹಳೇ ತೂತು ಹಾಗೇ ಉಳಿಯಿತು,
ಅದರಿಂದ ಸ್ವರ ಕೂದಲೆಳೆಯಷ್ಟು ತಪ್ಪಿದೆಯೆಂದು ವಂದಿತಾ ಟೀಚರು.
ಇರಬಹುದು. ನಾನು ಕಂಬಕ್ಕೆ ಅಂಗೈ ಇಟ್ಟು ನಿಂತಿದ್ದೆ.
ಬಡಿದಾಗ ಕಂಬಕ್ಕೆ ಏನೂ ಬರಲಿಲ್ಲ.
ಮಕ್ಕಳು ಮಾತ್ರ ತಲೆ ಎತ್ತಿದರು, ಎಲ್ಲರೂ, ಒಟ್ಟಿಗೆ.

ಉಪ್ಪು ತೊಳೆದೆ. ಎರಡು ಸಲ.
ಶಾಲೆಯ ವಹಿಯಲ್ಲಿ ಬರೆದೆ:
ನಾಲ್ಕನೇ ಪಟ್ಟಿ, ತೂತು ನನ್ನ ತಪ್ಪು.
ಮುಂದೆ ಯಾರೇ ಬಂದರೂ ಪಾನಾ ಬೇಡ,
ಬೆರಳಲ್ಲಿ ತಿರುಗಿಸಿ, ನಿಂತಲ್ಲಿಂದ ಅರ್ಧ ಸುತ್ತು ಹಿಂದಕ್ಕೆ.
— ಉಮಾಕಾಂತ ತಾಂಡೇಲ.

ಬಸ್ಸಿಗೆ ಇನ್ನೂ ಹೊತ್ತಿತ್ತು.
ಗ್ರೀಸಿನ ಕೈಯಲ್ಲೇ ಎಲೆ ಬಿಚ್ಚಿದೆ.
ಚಟ್ನಿಗೆ ಉಪ್ಪು ಕಡಿಮೆ.