ಜಗಲಿಯ ಲೆಕ್ಕ

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಬಳಿ
ಚಿನ್ನದಂಗಡಿಯ ಮೇಲಿನ ಮಾಳಿಗೆಯಲ್ಲಿ ನೌಫಲ್
ಹಡಗನ್ನು ಅಡ್ಡಕ್ಕೆ ಕೊಯ್ದ ಚಿತ್ರವೊಂದನ್ನು ಮೇಜಿಗೆ ಹಾಸಿದ.
ಹಲಸಿನ ಹಣ್ಣು ಸೀಳಿದ ಹಾಗೆ ತೊಳೆ ತೊಳೆ ಕೋಣೆ.
"ಒಳಗಿನದಕ್ಕೆ ಇಷ್ಟು ಚೇಚೀ, ಬಾಲ್ಕನಿಯದಕ್ಕೆ ಇಷ್ಟು."
ನಡುವೆ ಮೂವತ್ತೆಂಟು ಸಾವಿರ.
ನಾಲ್ಕು ರಾತ್ರಿ, ಕೊಚ್ಚಿಯಿಂದ ಹೊರಟು ತಿರುಗಿ ಕೊಚ್ಚಿಗೆ.

ದುಡ್ಡು ನನ್ನದೇ. ಚೀಟಿಯದು.
ಇಲ್ಲಿ ಮಲಯಾಳದಲ್ಲಿ ಚೀಟಿಗೆ ಕುರಿ ಎನ್ನುತ್ತಾರೆ.
ಐದು ವರ್ಷ ತಿಂಗಳು ತಿಂಗಳೂ ಮೇಯಿಸಿದ ಕುರಿ,
ಕಡಿಯುವ ಹೊತ್ತಿಗೆ ಕೈ ತುಸು ನಡುಗುತ್ತದೆ.

ಇವರಿಗೆ ನಡುಕವಿಲ್ಲ.
ಇಪ್ಪತ್ತಮೂರು ವರ್ಷ ಹಡಗಿನ ಹೊಟ್ಟೆಯಲ್ಲಿ,
ನೀರಿನ ಗೆರೆಗಿಂತ ಎರಡು ಮಾಳಿಗೆ ಕೆಳಗೆ,
ಊರೂರಿನವರ ಚಾದರ ಒಗೆದವರು.
"ಬಾಲ್ಕನಿಯ ಟವಲಿಗೆ ಉಪ್ಪಿನ ವಾಸನೆ,
ಒಳಕೋಣೆಯದಕ್ಕೆ ಬರೇ ಮನುಷ್ಯರದ್ದು.
ಆದರೆ ಕೇಳು, ಮೂರನೆಯ ದಿನದ ಟವಲಿನಲ್ಲಿ ಉಪ್ಪಿಲ್ಲ.
ಎಲ್ಲರೂ ಬಾಗಿಲು ಹಾಕಿಕೊಂಡು ಎ.ಸಿ.ಯಲ್ಲಿ ಬಿದ್ದಿರುತ್ತಾರೆ.
ಕಡಲು ನೋಡಬೇಕಾದರೆ ಕಸಬಾ ಕಡಪ್ಪುರಕ್ಕೆ ನಡೆ.
ಆಟೋಕ್ಕೆ ಐವತ್ತು, ಕಡಲೆಗೆ ಹತ್ತು."

"ಲೋಕಯ್ಯೇಟ್ಟ ಹೇಳುವುದು ಸರಿ," ಎಂದ ನೌಫಲ್,
ಕಮಿಷನ್ನು ಕೈಬಿಟ್ಟು ಹೋಗುವುದನ್ನು ನೋಡುತ್ತ.
ನಾನು ಚಿತ್ರದ ಅಂಚಿನಲ್ಲೇ ಇದ್ದೆ.
ಮಗ್ಗದಲ್ಲಿ ಕೂತವಳಿಗೆ ಮೊದಲು ಕಾಣುವುದು ಅಂಚು.

ಕಡಪ್ಪುರದ ಕಡಲು ನನಗೆ ಗೊತ್ತು.
ಸಂಜೆ ಆರೂವರೆಯವರೆಗೆ ಗೊತ್ತು.
ಬಾಂಗು ಕೂಗಿ, ಅಂಗಡಿಗಳಲ್ಲಿ ದೀಪ ಹೊತ್ತಿ,
"ಇನ್ನು ಸಾಕು, ಏಳು" ಎಂದು ಯಾರಾದರೂ ಸೆರಗು ಜಗ್ಗುವವರೆಗೆ.
ಆಮೇಲಿನದು ಗಂಡಸರ ಕಡಲು.
ಇಸ್ಪೀಟಿನವರದು, ಬಲೆಯವರದು,
ಕೆಲಸವೇ ಇಲ್ಲದೆ ಬೀಡಿ ಸೇದುವವರದು.
ರಾತ್ರಿ ಎರಡು ಗಂಟೆಗೆ ಅದು ಯಾವ ಬಣ್ಣದಲ್ಲಿರುತ್ತದೆ?
ಐವತ್ತಾರು ವರ್ಷ ಒಂದು ಮೈಲಿ ದೂರದಲ್ಲಿ ಮಲಗಿದವಳಿಗೆ
ತಿಳಿಯದು. ಶಬ್ದ ಮಾತ್ರ ಬರುತ್ತಿತ್ತು
ಪಕ್ಕದ ಮನೆಯ ಜಗಳದ ಹಾಗೆ.
ಕೆಲಸ ಬಿಟ್ಟು ಬಂದ ಮೇಲೆ ಇವರು
ಬೆಳಕಿದ್ದರೆ ನಿದ್ದೆ ಬಾರದೆಂದು
ಮಲಗುವ ಕೋಣೆಯ ಕಿಟಕಿಗೆ ರಟ್ಟು ಹೊಡೆದರು.
ಆ ಶಬ್ದವೂ ಅರ್ಧವಾಯಿತು.

ನೈಟಿಯಲ್ಲಿ, ಕೂದಲು ಬಿಚ್ಚಿ, ಬರಿಗಾಲಲ್ಲಿ,
ಚಿಲಕ ನನ್ನ ಕಡೆಗಿರುವ ಒಂದು ಜಗಲಿ.
ಒಂದು ಕುರ್ಚಿ ಹಿಡಿಸಿದರೆ ಸಾಕು.
ಇದನ್ನು ನೌಫಲನ ಎದುರು ಹೇಳುವುದು ಹೇಗೆ?
"ನಾಳೆ ತಿಳಿಸುತ್ತೇವೆ" ಎಂದು ಇಳಿದು ಬಂದೆ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ.
ಸೊಸೈಟಿಯ ಕೂಲಿಯಲ್ಲಿ ಮೂವತ್ತೆಂಟು ಸಾವಿರವೆಂದರೆ
ಹತ್ತಿರ ಹತ್ತಿರ ನಲವತ್ತು ಸೀರೆ.
ರಾತ್ರಿಗೆ ಹತ್ತು. ಉದ್ದಕ್ಕೆ ಬಿಡಿಸಿದರೆ
ಅರುವತ್ತು ಗಜ ಕತ್ತಲೆ.
ದುಬಾರಿಯೇ. ಸೆರಗೂ ಇಲ್ಲ ಅದಕ್ಕೆ.

ಚಂದ್ರಗಿರಿ ಸೇತುವೆಯ ಮೇಲೆ ಬಸ್ಸು ನಿಂತಿತು,
ಮುಂದೆ ಯಾವುದೋ ಲಾರಿ ಕೆಟ್ಟು.
"ಅಲ್ಲ, ಆ ಬಾಲ್ಕನಿಯ ಬಾಗಿಲು
ಸರಿಸುವುದೋ, ದೂಡುವುದೋ?"
ಇವರು ಬಹಳ ಹೊತ್ತು ಹೊಳೆ ನೋಡಿದರು.
"ನೋಡಿಲ್ಲ ಮಾರಾಯ್ತಿ.
ನಮಗೆ ಆ ಮಾಳಿಗೆಗೆ ಹೋಗಲಿಕ್ಕಿರಲಿಲ್ಲ.
ಚಾದರ ಮಾತ್ರ ಕೆಳಗೆ ಬರುತ್ತಿತ್ತು."

ಬಸ್ಸು ಹೊರಡುವ ಮೊದಲೇ ನೌಫಲನಿಗೆ ಫೋನು ಹಚ್ಚಿದೆ.
"ಯಾವ ಬದಿ ಚೇಚೀ, ಎಡವೋ ಬಲವೋ?"
ಹಾಗೊಂದು ಉಂಟೆಂದು ನನಗೇನು ಗೊತ್ತು.
ಫೋನಿಗೆ ಕೈ ಅಡ್ಡ ಹಿಡಿದು ಇವರ ಮುಖ ನೋಡಿದೆ.
ಇಸ್ತ್ರಿಯ ಯಂತ್ರ ಸುಟ್ಟ ಎಡಗೈಯನ್ನು
ಇವರು ಮೆಲ್ಲ ಎತ್ತಿದರು,
ದೂರದಿಂದ ಬಸ್ಸಿಗೆ ಕೈ ತೋರಿಸುವವರ ಹಾಗೆ.