ನಾನು ಬರೀ ಹುಟ್ಟು ಹಾಕುವವನು

ಫಲೇಸಿ ನಡುವೆ ಕೂರುತ್ತಾಳೆ, ತೊಡೆಯ ಮೇಲೆ ತಗಡಿನ ಪೆಟ್ಟಿಗೆ.
ನಾನು ಹಿಂದೆ. ನಾನು ಬರೀ ಹುಟ್ಟು ಹಾಕುವವನು.
ಈ ಚಿಲ್ವಾ ಸರೋವರ ಎಲ್ಲೂ ಎರಡಾಳು ಆಳವಿಲ್ಲ,
ಆದರೂ ಮುಳುಗಿದವರು ಬಹಳ,
ಒಬ್ಬರ ಬಟ್ಟೆಯೂ ಒದ್ದೆಯಾಗದೆ.

ಜೊಂಡಿನ ನಡುವೆ ತೇಲುವ ಗುಡಿಸಲುಗಳು.
ಹುಲ್ಲಿನ ಮೇಲೆ ಹುಲ್ಲು ಒಟ್ಟಿದ ನೆಲ,
ಹೆಜ್ಜೆಯಿಟ್ಟರೆ ಉಸಿರು ಬಿಡುತ್ತದೆ.
ಮೂರು ತಿಂಗಳು ಗಂಡಸರು ಇಲ್ಲೇ:
ಬಲೆ, ಹೊಗೆ, ಬ್ಯಾಟರಿ ಇಳಿದ ರೇಡಿಯೊ.
ಬೆಳಗಿನ ಜಾವ ಬುಟ್ಟಿ ಹಿಡಿದು ಹೆಂಗಸರು ಬರುತ್ತಾರೆ.
ಮೀನಿಗೆ ಎರಡು ಬೆಲೆ.
ಒಂದನ್ನು ಮಾತ್ರ ಜೋರಾಗಿ ಕೂಗುತ್ತಾರೆ.

ಫಲೇಸಿ ಓದಿದ್ದು ಆರನೇ ತರಗತಿ.
ಗಂಡನನ್ನು ಮಣ್ಣು ಮಾಡಿದ ಮೇಲೆ
ಆಸ್ಪತ್ರೆಯ ಅಂಗಳದಲ್ಲಿ ಕೂತು ಮಿಕ್ಕಿದ್ದು ಕಲಿತಳು.
'ಕಡ್ಡಿ ಮುರಿದ ಹಾಗೆ ಹೇಳ್ತೀನಿ,
ನಾಚಿಕೆ ಇದ್ದವರು ನೀರಿಗೆ ಹಾರಿ' ಅನ್ನುತ್ತಾಳೆ.
ಮೊದಲ ದಿನ ತೋರಿಸಲು ಏನೂ ಸಿಗದೆ
ನನ್ನ ಹುಟ್ಟನ್ನೇ ಕಸಿದು ತಲೆಕೆಳಗು ಮಾಡಿ
ಹಿಡಿಗೆ ಕಾಂಡೋಮ್ ತೊಡಿಸಿದಳು,
ತುದಿ ಚಿವುಟಿ, ಗಾಳಿ ತೆಗೆದು, ಬುಡದವರೆಗೆ.
ಮುದುಕ ಸಂದಿಫೋಲೊ ನಕ್ಕೂ ನಕ್ಕೂ ಕೆಮ್ಮಿದ:
'ಇಷ್ಟುದ್ದದ್ದು ಈ ನೀರಲ್ಲಿ ಯಾರದ್ದೂ ಇಲ್ಲವಮ್ಮ!'
ಅಂದಿನಿಂದ ನನ್ನ ಹುಟ್ಟಿಗೆ ನನಗಿಂತ ದೊಡ್ಡ ಹೆಸರು.

ನಗು ನಿಂತ ಮೇಲೆಯೇ ನಿಜವಾದ ಪ್ರಶ್ನೆ ಬರುವುದು.
ನಾಸಿಬೆಕೊ ಬುಟ್ಟಿಯ ಅಂಚು ಕೀಳುತ್ತ ಕೇಳಿದಳು:
'ಹಾಕ್ಕೋ ಅಂದರೆ ಮೀನು ಪಕ್ಕದವಳ ಬುಟ್ಟಿಗೆ.
ಮನೆಯಲ್ಲಿ ನಾಲ್ಕು ಬಾಯಿ.
ನಿನ್ನ ಪೆಟ್ಟಿಗೆಯಲ್ಲಿ ಅದಕ್ಕೇನಿದೆ?'
ಫಲೇಸಿ ಪೆಟ್ಟಿಗೆ ನೋಡಿದಳು.
ಅದಕ್ಕೇನೂ ಇರಲಿಲ್ಲ.
ಬಹಳ ಹೊತ್ತು ಜೊಂಡಿನ ಸದ್ದು.
ಆಮೇಲೆ ಯಾರೋ, ಪಕ್ಕದವಳೇ ಇರಬೇಕು:
'ನಾನೂ ಅದನ್ನೇ ಅಂದರೆ?'
'ನಾನೂ?'
ಮೀನು ಮಧ್ಯಾಹ್ನದವರೆಗೆ ಕಾಯುವುದಿಲ್ಲ,
ಗಂಡಸರಿಗೂ ಅದು ಗೊತ್ತು.
ಎರಡು ವಾರ ಬುಟ್ಟಿಗಳು ಅರೆಖಾಲಿ ಹೋದವು.
ಇಬ್ಬರು ಮಾತು ಮುರಿದರು.
ಮೂರನೇ ವಾರ ಖಾಲಿಯಾದದ್ದು ಪೆಟ್ಟಿಗೆ.

ಇವತ್ತು ಗಾಳಿ ಜೋರು, ಅಲ್ಲೇ ತಂಗಿದೆವು.
ವೈಸನ್, ಮೀಸೆ ಇನ್ನೂ ಮೂಡದ ಹುಡುಗ,
'ಆ ಕಾಯಿಲೆಯವರಿಗೆ ತಟ್ಟೆ ಬೇರೆ ಇಡಬೇಕಲ್ವಾ?' ಎಂದ.
ಅವನ ಬೆರಳು ನನ್ನ ತಟ್ಟೆಯಲ್ಲೇ ಇದ್ದವು,
ಜೋಳದ ಮುದ್ದೆ ಮುರಿಯುತ್ತ.

ರೇಡಿಯೊದಲ್ಲಿ ಏಳು ಗಂಟೆಯ ಡೋಲು.
ಒಂಬತ್ತು ವರ್ಷ, ಈ ಡೋಲು ಕೇಳಿದಾಗಲೆಲ್ಲ
ನಾನು ದೋಣಿಯ ನೀರು ಚೆಲ್ಲಲು ಎದ್ದು ಹೋಗುತ್ತೇನೆ,
ನೀರಿಲ್ಲದ ದೋಣಿಗೂ.
ಬಲೆ ಹೆಣೆಯುವ ಸೂಜಿಗಳ ಡಬ್ಬಿಯಲ್ಲಿ
ದಿನಕ್ಕೊಂದು ಮಾತ್ರೆ.
ರಕ್ತದಲ್ಲಿ ಅದನ್ನೀಗ ಹುಡುಕಿದರೂ ಸಿಗದಂತೆ,
ಹೆಂಡತಿಗೆ ನನ್ನಿಂದ ದಾಟದಂತೆ.
ಆಸ್ಪತ್ರೆಯ ಕಾಗದ ಮಡಿಸಿ ಮಡಿಸಿ ಬಟ್ಟೆಯಾಗಿದೆ.
ಫಲೇಸಿಗೆ ಗೊತ್ತು.
ಡೋಲಿನ ಹೊತ್ತಿಗೆ ಒಂದು ದಿನವೂ
ನನ್ನ ಕಡೆ ತಿರುಗಿದವಳಲ್ಲ.

ಇವತ್ತೂ ತಿರುಗಲಿಲ್ಲ.
ನಾನು ಏಳಲಿಲ್ಲ.
ಡಬ್ಬಿಯನ್ನು ತಟ್ಟೆಯ ಪಕ್ಕ ಇಟ್ಟೆ.
ಮುಚ್ಚಳ ಬಿಗಿ, ಉಗುರು ಜಾರಿತು,
ಏನೆಂದು ತಿಳಿಯದೆ ವೈಸನ್ನೇ ತೆಗೆದುಕೊಟ್ಟ.
ನುಂಗಿದೆ. ನೀರಿನ ಲೋಟವೂ ಅವನದೇ.
'ಇದು ಅದರ ಮಾತ್ರೆ' ಅಂದೆ.

ಗುಡಿಸಲು ಒಮ್ಮೆ ತೂಗಿತು.
ಸಂದಿಫೋಲೊ ಕೆಮ್ಮು ನುಂಗಿಕೊಂಡ.
ಹುಡುಗ ನನ್ನ ಗಂಟಲನ್ನೇ ನೋಡುತ್ತಿದ್ದ,
ಮಾತ್ರೆ ಇಳಿಯುವುದು ಹೊರಗೆ ಕಾಣುತ್ತದೆ ಎಂಬಂತೆ.
'ಕಹಿಯಾ?' ಎಂದ.
'ಮೊದಮೊದಲು.'

ಅವನ ಕೈ ಇನ್ನೂ ತಟ್ಟೆಯ ಮೇಲೆ, ಗಾಳಿಯಲ್ಲಿ.
ಇಳಿದಿಲ್ಲ.
ಹಿಂದೆಯೂ ಸರಿದಿಲ್ಲ.