ರಸಮಟ್ಟ

ಎಲ್ಲಿಗೇ ಬರಲಿ, ಮೊದಲ ಕೆಲಸ ಇದು:
ಒಲೆಯ ಪಕ್ಕ ರಸಮಟ್ಟ ಇಟ್ಟು
ಎಡಗಾಲಿಯಡಿ ಒಂದು ಹಲಗೆ, ಸಾಲದೆ ಇನ್ನೊಂದು,
ಗುಳ್ಳೆ ನಡುವಿಗೆ ಬರುವತನಕ.
ಬರದಿದ್ದರೆ ಬಾಣಲೆಯ ಮೊಟ್ಟೆ
ಒಂದೇ ಕಡೆ ಹರಿದು ಸೀಯುತ್ತದೆ,
ನಿದ್ದೆಯಲ್ಲಿ ರಕ್ತವೆಲ್ಲ ತಲೆಗಿಳಿಯುತ್ತದೆ.

ಅಕ್ಟೋಬರಿಗೆ ಉತ್ತರ ಡಕೋಟದ ಬೀಟ್ ರಾಶಿ,
ರಾತ್ರಿಪಾಳಿ, ಹನ್ನೆರಡು ಗಂಟೆ.
ಲಾರಿಗಳು ಬಂದು ಬಂದು ಸುರಿಯುತ್ತವೆ
ತಲೆಗಾತ್ರದ ಗೆಡ್ಡೆ, ಹೆಪ್ಪುಗಟ್ಟಿದ ಹೆಂಟೆ.
ಇದೇ ಸಕ್ಕರೆಯಾಗುವುದಂತೆ.
ಯಾರೂ ಕಾಣದಂತೆ ನೆಕ್ಕಿ ನೋಡಿದೆ. ಮಣ್ಣು.

ಚಳಿ ಬಲಿತರೆ ಅರಿಜೋನದ ಗೋದಾಮು,
ಬೇಸಿಗೆಗೆ ಆರೆಗನ್ ಕಾಡಿನಲ್ಲಿ ಕಕ್ಕಸು ತೊಳೆಯುವುದು.
ಊರು ಹೋಗು, ಕಾಡು ಬಾ ಅನ್ನುವ ವಯಸ್ಸು, ನಿಜ,
ಆದರೆ ಕಾಡಿಗೂ ವಾರಕ್ಕಿಷ್ಟು ಗಂಟೆ ದುಡಿಯಬೇಕು.

ಪ್ರತಿ ಅರ್ಜಿಯಲ್ಲೂ ಕೇಳುತ್ತಾರೆ: ಕಾಯಂ ವಿಳಾಸ?
ಒಂದೇ ಒಂದು ರಾತ್ರಿ ಮಲಗಿದ್ದ ಊರಿನ
ಅಂಚೆಪೆಟ್ಟಿಗೆಯ ನಂಬರು ಬರೆಯುತ್ತೇನೆ.
ಆ ರಾತ್ರಿ ಡೆಲ್ಮರ್ ಇದ್ದ.
ಬೆನ್ನುನೋವು ಬೆನ್ನುನೋವು ಎನ್ನುತ್ತಲೇ
ಅವನೇ ಹಲಗೆ ಸರಿಸಿದ್ದ.

ನಿನ್ನೆ ಪಕ್ಕಕ್ಕೆ ಒಬ್ಬ ಹುಡುಗಿ ಬಂದಳು, ಮಾರಿಬೆಲ್.
ಯಾರದೋ ಮೂರನೇ ಕೈಯ ಟ್ರೇಲರು,
ಬಾಗಿಲಿಗೆ ಚಿಲಕದ ಬದಲು ಹಗ್ಗ.
ಒಳಗಿಟ್ಟ ಸೇಬು ಉರುಳಿ ಉರುಳಿ
ಮೂಲೆಯಲ್ಲೇ ನಿಲ್ಲುತ್ತಿದೆ ಅಂದಳು.

ಹಲಗೆ ಎರಡೂ ಅವಳಿಗೆ ಕೊಟ್ಟೆ.
ಮಂಡಿಯೂರಿ, ಫ್ಲ್ಯಾಶ್‌ಲೈಟ್ ಬಾಯಲ್ಲಿ ಕಚ್ಚಿ
ಗುಳ್ಳೆ ತೋರಿಸಿದೆ.

ಈಗ ನನ್ನ ಮನೆ ತುಸು ವಾಲಿದೆ.
ಕಾಫಿ ಲೋಟದ ಒಂದಂಚಿಗೆ ಬಂದು
ನಿಂತಿದೆ.
ಚೆಲ್ಲಿಲ್ಲ.